ಮೊಲಕ್ಕೆ ನಾಲ್ಕೇ ಕಾಲು, ಹುಲ್ಲಿಗೆ ನೂರು ಡಾಲರು!

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬ ಗಾದೆ ನಮಗೆಲ್ಲ ಗೊತ್ತು. ಹಿಡಿದವರ ಮೊಲಕ್ಕೆ ಎಷ್ಟು ಕಾಲು ಎನ್ನುವುದು ಅವರವರ ಹಠಕ್ಕೆ ಬಿಟ್ಟದ್ದು. ಆದರೆ ಸಾಕಿದವರ ಮೊಲಕ್ಕೆ ನಾಲ್ಕು ಕಾಲು, ಎರಡು ಉದ್ದ ಕಿವಿ, ಜೊತೆಗೆ 28 ಹಲ್ಲು! ಆ 28 ಹಲ್ಲುಗಳೂ ಮೊಲ ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಗಿನಿಪಿಗ್‌ಗೆ ಹಲ್ಲು 20; ಅವೂ ಅಷ್ಟೇ, ನಿಲ್ಲದೆ ಬೆಳೆಯುತ್ತವೆ. ಹೀಗೆ ಬೆಳೆಯುವ ಹಲ್ಲನ್ನು ಸವೆಸುವುದು ಯಾವುದು ಅಂತೀರಿ? ಕಾರ್ಟೂನಿನಲ್ಲಿ ತೋರಿಸುವ ಕ್ಯಾರೆಟ್ ಅಲ್ಲ, ಅಂಗಡಿಯಲ್ಲಿ ಸಿಗುವ ಬಣ್ಣ ಬಣ್ಣದ ಬಿಸ್ಕತ್ತೂ ಅಲ್ಲ. ನಮ್ಮೂರಿನ ಹಸು ಎಮ್ಮೆಗಳು ತಿನ್ನುವ ಹಾಗೆ, ಒಣಗಿದ ಹುಲ್ಲು!

ನಮ್ಮ ಕೂಟದ ಎಷ್ಟೋ ಮನೆಗಳಲ್ಲಿ ಈಗ ಮೊಲ, ಗಿನಿಪಿಗ್ ಇವೆ. ಕಾರಣ ನಿಮಗೂ ಗೊತ್ತು. ಮಕ್ಕಳು ನಾಯಿ ಬೇಕು ಎಂದು ಹಠ ಹಿಡಿಯುತ್ತಾರೆ, ಅಪಾರ್ಟ್‌ಮೆಂಟಿನವರು ನಾಯಿ ಬೇಡ ಅನ್ನುತ್ತಾರೆ, ಅಪ್ಪ ಅಮ್ಮನಿಗೆ ಹಿಮ ಬೀಳುವಾಗ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗುವ ಚಿಂತೆ. ಕೊನೆಗೆ ರಾಜಿ ಆಗುವುದು ಮೊಲದ ಮೇಲೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಈಗ ಎರಡು ಮೊಲಗಳು, ರಾಗಿ ಮತ್ತು ಬೆಣ್ಣೆ. ಎರಡು ಗಿನಿಪಿಗ್‌ಗಳು, ಬೋಂಡ ಮತ್ತು ಬಜ್ಜಿ. ಹೆಸರಿಟ್ಟವಳು ಮಗಳು; ಅವಳಿಗೆ ಬರುವ ಕನ್ನಡದಲ್ಲಿ ಅರ್ಧ ತಿಂಡಿಯದ್ದೇ! ಮೊಲಗಳಿಗೂ ಗಿನಿಪಿಗ್‌ಗಳಿಗೂ ಬೇರೆ ಬೇರೆ ಗೂಡು, ಆದರೆ ಊಟ ಮಾತ್ರ ಹೆಚ್ಚುಕಮ್ಮಿ ಒಂದೇ.

ಈ ಲೇಖನ ಆ ಊಟದ ಖರ್ಚಿನ ಬಗ್ಗೆ.

ಲೆಕ್ಕದ ಪುಸ್ತಕ ತೆರೆದಾಗ

2023ರ ಫೆಬ್ರವರಿಯಲ್ಲಿ ನಮ್ಮ ಮನೆಯವರ ಕೆಲಸ ಹೋಯಿತು. ಆ ವರ್ಷ ಸಾಫ್ಟ್‌ವೇರ್ ಕಂಪನಿಗಳಲ್ಲಿ ಎಷ್ಟು ಜನ ಮನೆಗೆ ಬಂದರು ಎಂಬುದು ನಿಮಗೆಲ್ಲ ನೆನಪಿರಬೇಕು. ನನ್ನೊಬ್ಬಳ ಸಂಬಳದಲ್ಲಿ ಮನೆ ನಡೆಯಬೇಕಾಗಿತ್ತು. ಒಂದು ಭಾನುವಾರ ಇಬ್ಬರೂ ಊಟದ ಮೇಜಿನ ಮೇಲೆ ಬಿಲ್ಲುಗಳನ್ನು ಹರಡಿಕೊಂಡು ಕೂತೆವು. ಕೇಬಲ್ ಟಿವಿ ಹೋಯಿತು, ಹೋಟೆಲ್ ಊಟ ಹೋಯಿತು. ಆಮೇಲೆ ಬಂತು ಪ್ರಾಣಿಗಳ ಖರ್ಚು.

ನಾಲ್ಕು ಪ್ರಾಣಿಗಳಿಗೆ, ಚೆಲ್ಲಿ ಹಾಳು ಮಾಡುವುದನ್ನೂ ಸೇರಿಸಿದರೆ, ತಿಂಗಳಿಗೆ ಸುಮಾರು 20 ಪೌಂಡ್ ಹುಲ್ಲು ಬೇಕು. ಪ್ರಾಣಿಗಳ ಅಂಗಡಿಯಲ್ಲಿ ನಾವು ತರುತ್ತಿದ್ದುದು ಎರಡೂವರೆ ಪೌಂಡಿನ ಪ್ಲಾಸ್ಟಿಕ್ ಚೀಲ, ಚೀಲಕ್ಕೆ 14 ಡಾಲರ್. ಎಂಟು ಚೀಲಕ್ಕೆ 112 ಡಾಲರ್. ಅದರ ಮೇಲೆ ಕಾಳಿನಂಥ ಪೆಲೆಟ್, ಸೊಪ್ಪು, ಗೂಡಿಗೆ ಹಾಸುವ ಸಾಮಗ್ರಿ. ನಮ್ಮ ಮನೆಗೆ ಬರುತ್ತಿದ್ದ ಅಕ್ಕಿ, ಬೇಳೆ, ಹಾಲಿಗಿಂತ ಇದೇ ಜಾಸ್ತಿ! "ಶೆಲ್ಟರ್‌ಗೆ ಕೊಟ್ಟುಬಿಡೋಣವಾ?" ಎಂದು ಇವರು ಮೆಲ್ಲಗೆ ಕೇಳಿದರು. ಬಾಗಿಲ ಹತ್ತಿರ ನಿಂತಿದ್ದ ಮಗಳು ಏನೂ ಮಾತಾಡದೆ ಮಹಡಿ ಹತ್ತಿ ಹೋದಳು. ಅತ್ತಿದ್ದರೂ ಸಮಾಧಾನ ಮಾಡಬಹುದಿತ್ತು. ಆ ಮೌನ ತಡೆಯಲಾಗಲಿಲ್ಲ.

ನಮ್ಮ ಹಾಗೆ ಲೆಕ್ಕ ಹಾಕಿ ಕೂತವರು ಎರಡು ದಾರಿ ಹಿಡಿಯುತ್ತಾರೆ. ಕೆಲವರು ಪ್ರಾಣಿಯನ್ನು ಬಿಟ್ಟುಬಿಡುತ್ತಾರೆ. ಕೆಲವರು ಹುಲ್ಲನ್ನು ಕಡಿಮೆ ಮಾಡಿ ಪೆಲೆಟ್, ಬ್ರೆಡ್ಡು, ಅನ್ನ ಹಾಕಲು ಶುರು ಮಾಡುತ್ತಾರೆ. ಈ ಎರಡನೆಯದು ಮೇಲ್ನೋಟಕ್ಕೆ ಉಳಿತಾಯ, ಆದರೆ ಪ್ರಾಣಿಯ ಜೀವಕ್ಕೆ ಸಂಚಕಾರ. ಮೊಲದ ಆಹಾರದಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು. ಹುಲ್ಲನ್ನು ಅಕ್ಕಪಕ್ಕಕ್ಕೆ ದವಡೆ ಆಡಿಸಿ ಅಗಿಯುವಾಗಲೇ ಹಿಂದಿನ ಹಲ್ಲುಗಳು ಸಮವಾಗಿ ಸವೆಯುವುದು. ಇಲ್ಲದಿದ್ದರೆ ಹಲ್ಲು ಚೂಪಾಗಿ ಬೆಳೆದು ನಾಲಿಗೆ, ಕೆನ್ನೆಯನ್ನು ಚುಚ್ಚುತ್ತದೆ, ಪ್ರಾಣಿ ಊಟ ಬಿಡುತ್ತದೆ. ಹುಲ್ಲಿನ ನಾರು ಇಲ್ಲದಿದ್ದರೆ ಕರುಳಿನ ಚಲನೆಯೂ ನಿಧಾನವಾಗುತ್ತದೆ. ಮೊಲ ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಮುದುಡಿ ಕೂತರೆ ಅದು ತುರ್ತು ಸ್ಥಿತಿ. ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರು ಅರಿವಳಿಕೆ ಕೊಟ್ಟು ಹಲ್ಲು ಉಜ್ಜಿದರೆ ಬಿಲ್ಲು ನೂರಾರು ಡಾಲರ್. ಅಲ್ಲಿಗೆ ವರ್ಷದ ಉಳಿತಾಯವೆಲ್ಲ ಹೋಯಿತು!

ಆದ್ದರಿಂದ ನಾವು ಹಾಕಿಕೊಂಡ ನಿಯಮ ಒಂದೇ: ಹುಲ್ಲಿನಲ್ಲಿ ಉಳಿತಾಯ ಬೇಡ, ಹುಲ್ಲಿನ ಬೆಲೆಯಲ್ಲಿ ಮಾಡೋಣ.

ಕುದುರೆಗಳ ರಾಜ್ಯದಲ್ಲಿ ಹುಲ್ಲಿಗೆ ಬರವೇ?

ನ್ಯೂಜೆರ್ಸಿ ಎಂದರೆ ಹೈವೇ, ಮಾಲು, ಎಡಿಸನ್ನಿನ ಓಕ್ ಟ್ರೀ ರಸ್ತೆಯ ಚಾಟ್ ಅಂಗಡಿ ಎಂದುಕೊಂಡಿರುವ ನಮಗೆ ಒಂದು ವಿಷಯ ತಿಳಿದಿರುವುದಿಲ್ಲ. ಈ ರಾಜ್ಯದ ಅಧಿಕೃತ ಪ್ರಾಣಿ ಕುದುರೆ! 1977ರಲ್ಲೇ ಹಾಗೆಂದು ಘೋಷಿಸಿದ್ದಾರೆ. ಕುದುರೆ ಇದ್ದಲ್ಲಿ ಹುಲ್ಲು ಇರಲೇಬೇಕಲ್ಲ! ನಮ್ಮ ಎಡಿಸನ್ ಕಡೆಯಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಹಂಟರ್‌ಡನ್ ಕೌಂಟಿ. ರಸ್ತೆಯ ಎರಡೂ ಕಡೆ ಹೊಲ, ಕೆಂಪು ಕೊಟ್ಟಿಗೆ, ಅಲ್ಲಲ್ಲಿ ಕೈಯಲ್ಲಿ ಬರೆದ ಬೋರ್ಡು: "ಹೇ ಫಾರ್ ಸೇಲ್."

ಅಲ್ಲಿ ಹುಲ್ಲು ಸಿಗುವುದು ಬೇಲ್ ಲೆಕ್ಕದಲ್ಲಿ. ನಮ್ಮ ಕಡೆ ಹುಲ್ಲಿನ ಪೆಂಡಿ ಅನ್ನುತ್ತಾರಲ್ಲ, ಯಂತ್ರ ಅದನ್ನು ಚೌಕಾಕಾರವಾಗಿ ಒತ್ತಿ ಎರಡು ದಾರ ಕಟ್ಟಿರುತ್ತದೆ. ಚಿಕ್ಕ ಬೇಲ್ ಒಂದು 40ರಿಂದ 60 ಪೌಂಡ್ ತೂಗುತ್ತದೆ. ನಾವು ಮೊದಲ ಸಲ ಕೊಂಡಾಗ 45 ಪೌಂಡಿನ ಬೇಲ್‌ಗೆ ಕೊಟ್ಟಿದ್ದು 12 ಡಾಲರ್. ಲೆಕ್ಕ ಹಾಕಿ ನೋಡಿ. ಅಂಗಡಿಯ ಚೀಲದಲ್ಲಿ ಪೌಂಡಿಗೆ ಐದೂವರೆ ಡಾಲರ್‌ಗೂ ಮೇಲೆ, ಇಲ್ಲಿ ಪೌಂಡಿಗೆ 27 ಸೆಂಟ್. ನಮ್ಮ ನಾಲ್ಕು ಪ್ರಾಣಿಗಳಿಗೆ ವರ್ಷಕ್ಕೆ ಆರು ಬೇಲ್ ಧಾರಾಳವಾಗಿ ಸಾಕು. ಅಂದರೆ 72 ಡಾಲರ್! ಒಂದು ತಿಂಗಳಿಗೆ ಕೊಡುತ್ತಿದ್ದ 112 ಡಾಲರಿಗಿಂತ ಇಡೀ ವರ್ಷದ ಹುಲ್ಲು ಅಗ್ಗ. ಪೆಟ್ರೋಲು ಸೇರಿಸಿದರೂ ಅಗ್ಗವೇ.

ಬೆಲೆ ಊರಿಂದ ಊರಿಗೆ, ಮಳೆಯಿಂದ ಮಳೆಗೆ ಬದಲಾಗುತ್ತದೆ. 2012ರ ಬರಗಾಲದಲ್ಲಿ ದೇಶದ ಎಷ್ಟೋ ಕಡೆ ಹುಲ್ಲಿನ ಬೆಲೆ ಗಗನಕ್ಕೇರಿತ್ತು. ಸಾಮಾನ್ಯವಾಗಿ ಕೊಯ್ಲಿನ ಕಾಲದಲ್ಲಿ, ಹೊಲದಿಂದಲೇ ನೇರವಾಗಿ ಎತ್ತಿಕೊಂಡು ಬಂದರೆ ಅಗ್ಗ. ಚಳಿಗಾಲದ ಕೊನೆಗೆ, ಕೊಟ್ಟಿಗೆ ಖಾಲಿಯಾಗುವ ಹೊತ್ತಿಗೆ ತುಟ್ಟಿ.

ಹೇ ಬೇರೆ, ಸ್ಟ್ರಾ ಬೇರೆ

ಇಲ್ಲಿ ನಮ್ಮ ಭಾಷೆಯೇ ಒಂದು ತೊಡಕು. ಕನ್ನಡದಲ್ಲಿ ನಮಗೆ ಎಲ್ಲವೂ ಹುಲ್ಲೇ. ಭತ್ತದ ಹುಲ್ಲು, ರಾಗಿ ಹುಲ್ಲು, ಬದುವಿನ ಹುಲ್ಲು. ಇಲ್ಲಿಯವರು ಅದನ್ನು ಎರಡು ಮಾಡುತ್ತಾರೆ. ಕಾಳು ಬಡಿದ ಮೇಲೆ ಉಳಿಯುವ ಗೋಧಿ, ಓಟ್ಸ್ ದಂಟು "ಸ್ಟ್ರಾ". ಹಸಿರಾಗಿದ್ದಾಗಲೇ ಎಲೆ ಸಮೇತ ಕೊಯ್ದು ಬಿಸಿಲಿಗೆ ಒಣಗಿಸಿದ್ದು "ಹೇ". ಸ್ಟ್ರಾ ಹೊಳೆಯುವ ಹಳದಿ, ಒಳಗೆ ಟೊಳ್ಳು. ಅದರಲ್ಲಿ ಸತ್ವ ಕಡಿಮೆ, ಅದು ಹಾಸಿಗೆಗೆ ಮಾತ್ರ. ನಮ್ಮ ಪ್ರಾಣಿಗಳ ಊಟಕ್ಕೆ ಬೇಕಾದ್ದು ಹೇ.

ಹೇ ಅಂದರೂ ಯಾವುದು? ದೊಡ್ಡ ಮೊಲ, ದೊಡ್ಡ ಗಿನಿಪಿಗ್‌ಗೆ ಟಿಮೊಥಿ ಅಥವಾ ಆರ್ಚರ್ಡ್ ಗ್ರಾಸ್ ಒಳ್ಳೆಯದು. ಟಿಮೊಥಿ ಎನ್ನುವುದು ಒಬ್ಬ ಮನುಷ್ಯನ ಹೆಸರು. 18ನೇ ಶತಮಾನದಲ್ಲಿ ಈ ಹುಲ್ಲನ್ನು ಅಮೆರಿಕದಲ್ಲಿ ಪ್ರಚಾರಕ್ಕೆ ತಂದ ಟಿಮೊಥಿ ಹ್ಯಾನ್ಸನ್ ಎಂಬ ರೈತನ ಹೆಸರೇ ಅದಕ್ಕೆ ನಿಂತಿತು. ಆಲ್ಫಾಲ್ಫಾ ಎಂಬುದು ನಮ್ಮ ಕುದುರೆ ಮಸಾಲೆ ಸೊಪ್ಪು. ಅದು ಹುಲ್ಲಲ್ಲ, ದ್ವಿದಳ ಜಾತಿಯ ಗಿಡ. ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಜಾಸ್ತಿ. ಆರು ತಿಂಗಳ ಒಳಗಿನ ಮರಿಗಳಿಗೆ, ಬಸುರಿ ಬಾಣಂತಿಯರಿಗೆ ಸರಿ. ದೊಡ್ಡವಕ್ಕೆ ದಿನಾ ಹಾಕಿದರೆ ಮೈ ಬೆಳೆಯುತ್ತದೆ, ಮೂತ್ರದಲ್ಲಿ ಕಲ್ಲಾಗುವ ಭಯ.

ಇನ್ನು ಕೊಯ್ಲು. ನಮ್ಮ ಕಡೆ ಮೊದಲ ಕೊಯ್ಲು ಜೂನ್ ಆಸುಪಾಸಿನಲ್ಲಿ. ಅದರಲ್ಲಿ ದಂಟು, ನಾರು ಹೆಚ್ಚು. ಬೇಸಿಗೆಯ ಕೊನೆಗೆ ಬರುವ ಎರಡನೆಯ ಕೊಯ್ಲಿನಲ್ಲಿ ಎಲೆ ಹೆಚ್ಚು, ಮೃದು. ಹಲ್ಲಿಗೆ ಮೊದಲನೆಯದು ಒಳ್ಳೆಯದು, ನಾಲಿಗೆಗೆ ಎರಡನೆಯದು ರುಚಿ. ನಮ್ಮ ಬೆಣ್ಣೆಗೆ ಎರಡನೆಯದೇ ಆಗಬೇಕು! ಎರಡನ್ನೂ ಬೆರೆಸಿ ಹಾಕುತ್ತೇವೆ.

ರೈತನ ಹತ್ತಿರ ಕೇಳುವಾಗ ಒಂದು ಮಾತು ಮುಖ್ಯ. "ಹಾರ್ಸ್ ಹೇ" ಇದೆಯೇ ಎಂದು ಕೇಳಿ. ಕುದುರೆಗೂ ಬೂಷ್ಟು, ಧೂಳು ಆಗುವುದಿಲ್ಲ. ಅದಕ್ಕೆಂದು ಇಟ್ಟ ಹುಲ್ಲು ನಮ್ಮ ಮೊಲಕ್ಕೂ ಆಗುತ್ತದೆ. ದನಗಳಿಗೆಂದು ಇಟ್ಟದ್ದು ಸ್ವಲ್ಪ ಮಳೆಗೆ ನೆನೆದಿರಬಹುದು, ಅದು ಬೇಡ. ಹೊಲಕ್ಕೆ ಯಾವ ಔಷಧಿ ಹೊಡೆದಿದ್ದಾರೆ ಎಂದೂ ಕೇಳಿ. ಮೊಲಕ್ಕೆ ಎಂದರೆ ಮೊದಲು ನಗುತ್ತಾರೆ, ಆಮೇಲೆ ಒಳ್ಳೆಯ ಬೇಲ್ ಹುಡುಕಿ ಕೊಡುತ್ತಾರೆ.

ಅಪ್ಪನ ಪರೀಕ್ಷೆ

ಆ ಬೇಸಿಗೆಯಲ್ಲಿ ಚನ್ನರಾಯಪಟ್ಟಣದ ಹತ್ತಿರದ ನಮ್ಮ ಹಳ್ಳಿಯಿಂದ ಅಪ್ಪ ಬಂದಿದ್ದರು. ಅಂಗಡಿಯ ಪ್ಲಾಸ್ಟಿಕ್ ಚೀಲದ ಮೇಲಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಷ್ಟಕ್ಕೆ ನಮ್ಮೂರಲ್ಲಿ ಒಂದು ಗಾಡಿ ರಾಗಿ ಹುಲ್ಲು ಹೊಡಿಸಬಹುದಲ್ಲಮ್ಮಾ!" ಅಷ್ಟು ದಿನ ಟಿವಿ ಮುಂದೆ ಬೇಜಾರಾಗಿ ಕೂತಿದ್ದವರು ಹಂಟರ್‌ಡನ್ ಕೌಂಟಿಗೆ ಹೋಗುವ ದಿನ ಬೆಳಿಗ್ಗೆ ಆರಕ್ಕೇ ಸ್ವೆಟರ್ ಹಾಕಿಕೊಂಡು ತಯಾರು.

ಕೊಟ್ಟಿಗೆಯಲ್ಲಿ ರೈತ ಒಂದು ಬೇಲ್ ಬಿಚ್ಚಿ ತೋರಿಸಿದ. ಅಪ್ಪನಿಗೆ ಅವನ ಭಾಷೆ ಬರದು, ಅವನಿಗೆ ಅಪ್ಪನ ಭಾಷೆ ಬರದು. ಅಪ್ಪ ಒಂದು ಹಿಡಿ ಹುಲ್ಲು ಎತ್ತಿ ಮೂಸಿದರು. ಎರಡು ಕೈಯಲ್ಲಿ ಹಿಡಿದು ತಿರುಚಿದರು. ಕೊಡವಿ ಬೆಳಕಿಗೆ ಹಿಡಿದು ಧೂಳು ನೋಡಿದರು. ಆಮೇಲೆ ಬೇಲ್‌ನ ಪದರಗಳ ನಡುವೆ ಮೊಣಕೈ ತನಕ ಕೈ ತೂರಿಸಿ ಸ್ವಲ್ಪ ಹೊತ್ತು ಹಾಗೇ ನಿಂತರು. "ಒಳಗೆ ತಣ್ಣಗಿದೆ ಕಣಮ್ಮ. ಬಿಸಿಲು ಕಂಡ ಹುಲ್ಲು. ತಗೋ" ಅಂದರು. ಹಸಿಯಾಗಿ ಕಟ್ಟಿದ ಹುಲ್ಲು ಒಳಗೊಳಗೇ ಬಿಸಿಯಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಜಾಸ್ತಿಯಾದರೆ ತಾನೇ ಹೊತ್ತಿಕೊಂಡು ಕೊಟ್ಟಿಗೆಗಳೇ ಸುಟ್ಟುಹೋಗುವುದುಂಟು. ಬಣವೆ ಒಟ್ಟುವವರಿಗೆ ಇದು ಗೊತ್ತು, ಬೇಲ್ ಕಟ್ಟುವವರಿಗೂ ಗೊತ್ತು. ರೈತ ಅಪ್ಪನನ್ನು ನೋಡಿ ಟೋಪಿ ಸರಿಮಾಡಿಕೊಂಡು ನಕ್ಕ. "ನಿಮ್ಮ ತಂದೆ ರೈತರೇ?" ಎಂದು ನನ್ನನ್ನು ಕೇಳಿದ. ಹೌದು ಎಂದೆ. ಹತ್ತು ನಿಮಿಷ ಇಬ್ಬರೂ ಅವನ ಟ್ರ್ಯಾಕ್ಟರ್ ಸುತ್ತಿ ಬಂದರು, ನಾನು ಭಾಷಾಂತರಕ್ಕೆ ಬೇಕಾಗಲೇ ಇಲ್ಲ!

ಅಪ್ಪನ ಪರೀಕ್ಷೆಯನ್ನು ನೀವೂ ಮಾಡಬಹುದು. ಬಣ್ಣ ತಿಳಿಹಸಿರು ಇರಬೇಕು; ಹೊರಮೈ ಬಿಸಿಲಿಗೆ ಸ್ವಲ್ಪ ಬಿಳಿಚಿದ್ದರೆ ಪರವಾಗಿಲ್ಲ. ವಾಸನೆ ಸಿಹಿಯಾಗಿ, ಒಣಗಿದ ಸೊಪ್ಪಿನ ಹಾಗಿರಬೇಕು. ಮುಗ್ಗಲು ವಾಸನೆ, ಕಪ್ಪು ಅಥವಾ ಬಿಳಿ ಬೂಷ್ಟು, ಕೊಡವಿದಾಗ ಹೊಗೆಯಂಥ ಧೂಳು ಇದ್ದರೆ ಬಿಟ್ಟಿ ಕೊಟ್ಟರೂ ಬೇಡ.

ಗರಾಜಿನ ಬಣವೆ

ಬೇಲ್ ತರುವಾಗ ಕಾರಿನಲ್ಲಿ ಹಳೇ ಬೆಡ್‌ಶೀಟ್ ಹಾಸಿ. ಇಲ್ಲದಿದ್ದರೆ ಮುಂದಿನ ದೀಪಾವಳಿಯ ತನಕ ಸೀಟಿನಿಂದ ಹುಲ್ಲು ಆರಿಸುತ್ತಿರಬೇಕು. ಮನೆಯಲ್ಲಿ ಗರಾಜಿನ ಸಿಮೆಂಟಿನ ಮೇಲೆ ನೇರವಾಗಿ ಇಡಬೇಡಿ, ತೇವ ಹಿಡಿಯುತ್ತದೆ. ಮರದ ಹಲಗೆಯ ಮೇಲೆ ಇಡಿ. ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಬೂಷ್ಟು ಬರುತ್ತದೆ. ಹಳೇ ಹತ್ತಿ ಸೀರೆ ಹೊದಿಸಿದರೆ ಧೂಳೂ ಇಲ್ಲ, ಗಾಳಿಯೂ ಆಡುತ್ತದೆ. ಒಣಗಿದ ಜಾಗದಲ್ಲಿ ವರ್ಷವಿಡೀ ಕೆಡುವುದಿಲ್ಲ. ದಾರವನ್ನು ಕತ್ತರಿಸಿ ತಕ್ಷಣ ಕಸಕ್ಕೆ ಹಾಕಿ, ಮೊಲ ಅದನ್ನು ನುಂಗಬಾರದು. ಹಾಕುವ ಮುಂಚೆ ಪದರ ಬಿಡಿಸಿ, ಮುಳ್ಳು, ಬೇರೆ ಕಳೆ ಇದೆಯೇ ನೋಡಿ. ಹುಲ್ಲಿನ ಅಲರ್ಜಿ ಇರುವವರು ಮಾಸ್ಕ್ ಹಾಕಿಕೊಳ್ಳಿ. ಕೋವಿಡ್ ಕಾಲದ್ದು ಎಲ್ಲರ ಮನೆಯಲ್ಲೂ ಇದೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 2020ರಲ್ಲಿ ನ್ಯೂ ಮೆಕ್ಸಿಕೊ, ಅರಿಜೋನ, ಟೆಕ್ಸಾಸ್ ಕಡೆ ಮೊಲಗಳಿಗೆ ರಕ್ತಸ್ರಾವ ತರುವ ಮಾರಕ ವೈರಸ್ ಹರಡಿತು. ಸಾಕಿದ ಮೊಲಗಳ ಜೊತೆ ಕಾಡು ಮೊಲಗಳೂ ಸತ್ತವು. ಆಮೇಲೆ ಬೇರೆ ರಾಜ್ಯಗಳಲ್ಲೂ ಕಾಣಿಸಿಕೊಂಡಿತು. ಹುಲ್ಲು, ಬಟ್ಟೆ, ಚಪ್ಪಲಿಗಳ ಮೂಲಕವೂ ಅದು ಬರಬಹುದು. 2021ರ ಅಕ್ಟೋಬರಿನಲ್ಲಿ ಇಲ್ಲಿಯ ಕೃಷಿ ಇಲಾಖೆ ಅಮೆರಿಕದಲ್ಲೇ ತಯಾರಾದ ಲಸಿಕೆಯೊಂದಕ್ಕೆ ತುರ್ತು ಬಳಕೆಯ ಅನುಮತಿ ಕೊಟ್ಟಿತು. ನಿಮ್ಮ ಡಾಕ್ಟರ ಹತ್ತಿರ ಲಸಿಕೆಯ ಬಗ್ಗೆ ಕೇಳಿ, ರೋಗ ಇರುವ ಪ್ರದೇಶದ ಹುಲ್ಲು ತರಬೇಡಿ. ಗಿನಿಪಿಗ್‌ಗಳಿಗೆ ಈ ಕಾಯಿಲೆ ಬರುವುದಿಲ್ಲ.

ಹೊಲಕ್ಕೆ ಹೋಗಲು ಆಗದವರು ಏನು ಮಾಡಬೇಕು? ರೈತರಿಗೆ ಸಾಮಾನು ಮಾರುವ ಟ್ರ್ಯಾಕ್ಟರ್ ಸಪ್ಲೈನಂಥ ಅಂಗಡಿಗಳಲ್ಲಿ ಒತ್ತಿ ಕಟ್ಟಿದ ಟಿಮೊಥಿ ಬೇಲ್ ಸಿಗುತ್ತದೆ. ಹೊಲಕ್ಕಿಂತ ತುಟ್ಟಿ, ಚೀಲಕ್ಕಿಂತ ಬಹಳ ಅಗ್ಗ. ಮೊಲಗಳನ್ನು ರಕ್ಷಿಸುವ ಎಷ್ಟೋ ಸಂಸ್ಥೆಗಳು ಬೇಲ್ ತರಿಸಿ ಬಿಡಿಯಾಗಿ ಮಾರುತ್ತವೆ, ಬಂದ ಹಣ ಅನಾಥ ಮೊಲಗಳಿಗೆ ಹೋಗುತ್ತದೆ. ಬೇಸಿಗೆಯಲ್ಲಿ ನಡೆಯುವ ಕೌಂಟಿ ಮೇಳಗಳಲ್ಲಿ ಫೋರ್-ಎಚ್ ಕ್ಲಬ್ಬಿನ ಮಕ್ಕಳು ತಾವು ಸಾಕಿದ ಮೊಲ, ಗಿನಿಪಿಗ್ ತಂದು ತೋರಿಸುತ್ತಾರೆ. ಅವರ ಅಪ್ಪ ಅಮ್ಮಂದಿರನ್ನು ಕೇಳಿ, ಒಳ್ಳೆಯ ಹುಲ್ಲು ಎಲ್ಲಿ ಸಿಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಪೆಲೆಟ್ಟು, ಸೊಪ್ಪು, ನಮ್ಮ ಅಡುಗೆಮನೆ

ಪೆಲೆಟ್ ಎಂಬುದು ಉಪ್ಪಿನಕಾಯಿ ಇದ್ದ ಹಾಗೆ, ಎಲೆಯ ತುದಿಗೆ ಸ್ವಲ್ಪ ಸಾಕು. ಐದು ಪೌಂಡ್ ತೂಕದ ಮೊಲಕ್ಕೆ ದಿನಕ್ಕೆ ಕಾಲು ಕಪ್, ಗಿನಿಪಿಗ್‌ಗೆ ಅದರ ಅರ್ಧ. ರೈತರ ಅಂಗಡಿಯಲ್ಲಿ 50 ಪೌಂಡಿನ ಅಗ್ಗದ ಮೂಟೆ ನೋಡಿ ಮರುಳಾಗುವ ಮುಂಚೆ ಚೀಟಿ ಓದಿ. ಅವುಗಳಲ್ಲಿ ಹಲವು ಆಲ್ಫಾಲ್ಫಾದಿಂದ ಮಾಡಿದ್ದು, ಮಾಂಸಕ್ಕಾಗಿ ಬೇಗ ಬೆಳೆಸುವ ಮೊಲಗಳಿಗೆ. ಮನೆಯ ಮೊಲಕ್ಕೆ ಟಿಮೊಥಿಯಿಂದ ಮಾಡಿದ, ನಾರು ಹೆಚ್ಚಿರುವ ಸಾದಾ ಪೆಲೆಟ್ ಇರಲಿ. ಗಿನಿಪಿಗ್ ಇರುವವರು ಇನ್ನೂ ಹುಷಾರಾಗಿರಬೇಕು. ನಮ್ಮ ಹಾಗೆಯೇ ಗಿನಿಪಿಗ್‌ನ ಮೈಯೂ ವಿಟಮಿನ್ ಸಿ ತಯಾರಿಸಲಾರದು. ಪೆಲೆಟ್‌ನಲ್ಲಿರುವ ವಿಟಮಿನ್ ಸಿ ತಿಂಗಳುಗಳು ಕಳೆದಂತೆ ಕ್ಷೀಣಿಸುತ್ತದೆ. ಆದ್ದರಿಂದ ಗಿನಿಪಿಗ್‌ಗೆ ದೊಡ್ಡ ಮೂಟೆ ಉಳಿತಾಯವಲ್ಲ. ತಯಾರಾದ ದಿನಾಂಕ ನೋಡಿ ಚಿಕ್ಕ ಚೀಲ ತನ್ನಿ. ದಿನಾ ಒಂದು ದೊಡ್ಡ ಚೂರು ಕೆಂಪು ದಪ್ಪ ಮೆಣಸಿನಕಾಯಿ ಕೊಟ್ಟರೆ ಅವತ್ತಿನ ವಿಟಮಿನ್ ಸಿ ಬಂದಂತೆ.

ಸೊಪ್ಪಿನ ವಿಷಯದಲ್ಲಿ ನಮ್ಮಷ್ಟು ಅದೃಷ್ಟವಂತರಿಲ್ಲ! ಇಂಡಿಯನ್ ಅಂಗಡಿಯ ಕೊತ್ತಂಬರಿ, ಪುದಿನ, ಸಬ್ಬಸಿಗೆ, ಮೂಲಂಗಿ ಸೊಪ್ಪು ಎಲ್ಲವೂ ಆಗುತ್ತವೆ. ಚಟ್ನಿಗೆ ಎಲೆ, ಮೊಲಕ್ಕೆ ಕೊತ್ತಂಬರಿ ದಂಟು. ಪಾಲಕ್ ಅಪರೂಪಕ್ಕೆ, ಎಲೆಕೋಸು ಹೊಟ್ಟೆ ಉಬ್ಬರಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಆವಕಾಡೊ, ಚಾಕೊಲೇಟ್ ಬೇಡವೇ ಬೇಡ. ಕ್ಯಾರೆಟ್ ಕೂಡ ಹಬ್ಬದ ಸಿಹಿ ಎಂದು ತಿಳಿಯಿರಿ. ಹುಲ್ಲು ಕತ್ತರಿಸುವ ಯಂತ್ರದಿಂದ ಬಿದ್ದ ಹಸಿ ಹುಲ್ಲು ಬೇಗ ಹುಳಿಯುತ್ತದೆ, ಅದನ್ನು ಹಾಕಬೇಡಿ. ಇಡೀ ಗೋಧಿಯನ್ನು ರಾತ್ರಿ ನೆನೆಸಿ ತಟ್ಟೆಯಲ್ಲಿ ಮಣ್ಣು ಹರಡಿ ಬಿತ್ತಿದರೆ, ಹೊರಗೆ ಹಿಮ ಬೀಳುವಾಗಲೂ ಕಿಟಕಿಯ ಹತ್ತಿರ ಹತ್ತು ದಿನದಲ್ಲಿ ಹಸಿರು ಪೈರು ಬರುತ್ತದೆ. ಮಕ್ಕಳಿಗೂ ಖುಷಿ, ಮೊಲಕ್ಕೂ ಖುಷಿ.

ಕೊನೆಯ ಉಳಿತಾಯ ಹಿತ್ತಲಲ್ಲಿದೆ. ಮೊಲದ ಹಿಕ್ಕೆಯನ್ನು ಕೊಳೆಸದೆಯೇ ಗಿಡಕ್ಕೆ ಹಾಕಬಹುದು. ಉಳಿದ ಹುಲ್ಲನ್ನು ಬುಡಕ್ಕೆ ಮುಚ್ಚಿದರೆ ಮಣ್ಣು ಒಣಗುವುದಿಲ್ಲ. ಆ ವರ್ಷ ನಮ್ಮ ಹೀರೇಕಾಯಿ, ಹುರುಳಿಕಾಯಿಯನ್ನು ಅಕ್ಕಪಕ್ಕದ ನಾಲ್ಕು ಮನೆಗೆ ಹಂಚಿದೆವು.

ಒಂದು ಬೇಲ್, ನಾಲ್ಕು ಮನೆ

ಇವರಿಗೆ ಆ ವರ್ಷದ ನವೆಂಬರಿನಲ್ಲಿ ಮತ್ತೆ ಕೆಲಸ ಸಿಕ್ಕಿತು. ಆದರೂ ನಾವು ಚೀಲದ ಹುಲ್ಲಿಗೆ ವಾಪಸ್ ಹೋಗಲಿಲ್ಲ. ಅಪ್ಪ ಈಗಲೂ ಫೋನಿನಲ್ಲಿ ಮೊದಲು ಮೊಮ್ಮಗಳನ್ನು ವಿಚಾರಿಸಿ, ಆಮೇಲೆ "ಹುಲ್ಲು ಎಷ್ಟಿದೆ? ಮಳೆ ಬಂತಾ?" ಎಂದು ಕೇಳುತ್ತಾರೆ. "ಇನ್ನೂ ಎರಡು ಬೇಲ್ ಇದೆ ತಾತ" ಎಂದು ಮಗಳು ಗರಾಜಿಗೇ ಹೋಗಿ ನೋಡಿ ಹೇಳುತ್ತಾಳೆ.

ಒಂದೇ ಗಿನಿಪಿಗ್ ಇರುವವರಿಗೆ ಒಂದು ಬೇಲ್ ಜಾಸ್ತಿಯಾಗುತ್ತದೆ, ಅಪಾರ್ಟ್‌ಮೆಂಟಿನವರಿಗೆ ಇಡಲು ಜಾಗವಿಲ್ಲ. ಅದಕ್ಕೇ ಈಗ ನಾವು ಕೂಟದ ನಾಲ್ಕು ಮನೆಯವರು ಸೇರಿ ತರುತ್ತೇವೆ. ಗರಾಜ್ ಇರುವವರು ಇಟ್ಟುಕೊಳ್ಳುತ್ತಾರೆ, ಮಿಕ್ಕವರು ವಾರಕ್ಕೊಮ್ಮೆ ಕನ್ನಡ ಶಾಲೆಗೆ ಮಕ್ಕಳನ್ನು ಬಿಡಲು ಬಂದಾಗ ತಮ್ಮ ಪದರಗಳನ್ನು ಒಯ್ಯುತ್ತಾರೆ. ಸಂಬಳ ನಿಂತ ಮನೆಯಿದ್ದರೆ ಆ ತಿಂಗಳು ಅವರ ಪಾಲಿನ ಲೆಕ್ಕ ಬರೆಯುವುದಿಲ್ಲ. ಹನ್ನೆರಡು ಡಾಲರಿನ ಬೇಲ್‌ನಲ್ಲಿ ಮೂರು ಡಾಲರಿನ ಪಾಲು ಯಾರಿಗೂ ಭಾರವಲ್ಲ. ಆದರೆ ಅಷ್ಟರಿಂದ ಒಂದು ಮೊಲ ಅದೇ ಮನೆಯಲ್ಲಿ ಉಳಿಯುತ್ತದೆ.

ಬಲಿಪಾಡ್ಯಮಿಯ ದಿನ ಊರಲ್ಲಿ ಹಸುವಿಗೆ ಅರಿಶಿನ ಕುಂಕುಮ ಇಟ್ಟು ತಿನ್ನಿಸುತ್ತಾರೆ. ಇಲ್ಲಿ ನಮಗೆ ಹಸುವಿಲ್ಲ, ಆದರೆ ನಮ್ಮ ಕೈಯನ್ನೇ ನಂಬಿದ ಬಾಯಿಗಳಿವೆ. ಬರುವ ಜೂನ್ ತಿಂಗಳ ಮೊದಲ ಕೊಯ್ಲಿಗೆ ನಮ್ಮ ಜೊತೆ ಸೇರಬೇಕೆನ್ನುವವರು ಇವತ್ತಿನ ಕಾರ್ಯಕ್ರಮದ ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ. ಹಳೇ ಬೆಡ್‌ಶೀಟ್ ಮಾತ್ರ ನೀವೇ ತರಬೇಕು!

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.